ಎಲುಬಿನ ಪಾಳಿ

ಕೃಷ್ಣಾಮಾಯಿಯ ಆಣೆ, ಈ ಕತೆಯಲ್ಲಿ ಒಂದು ಹನಿ ನೀರೂ ಬೆರೆಸಿಲ್ಲ. ಪಟ್ಟಣದ ವಿಶ್ರಾಮಬಾಗ ಬಡಾವಣೆಯಲ್ಲಿ ಆಗಷ್ಟೇ ಎದ್ದಿದ್ದ ಗಾಜಿನ ಬಾಗಿಲಿನ ದವಾಖಾನೆಯಲ್ಲಿ ಮ್ಹೈಸಾಳ ಊರಿನ ಜಟ್ಟೆಪ್ಪ ಕುಳಿತಿದ್ದ. ಡಾಕ್ಟರ್ ಸೋನಲ ಅವನ ಸೊಂಟದ ಫೋಟೊವನ್ನು ದೀಪಕ್ಕೆ ಹಿಡಿದು, ತೊಡೆಯ ಎಲುಬಿನ ತಲೆಗೆ ರಕ್ತ ಹೋಗುತ್ತಿಲ್ಲ, ಎಲುಬು ಒಳಗೇ ಸಾಯುತ್ತಿದೆ ಎಂದಳು.

ಎಲುಬೆಂದರೆ ಮನೆಯ ತೊಲೆ ಇದ್ದ ಹಾಗೆ ಎಂದು ಜಟ್ಟೆಪ್ಪ ತಿಳಿದಿದ್ದ. ತೊಲೆ ಎಂದಾದರೂ ಉಣ್ಣುತ್ತದೆಯೇ?

“ನಾಯಿ ಕಡಿಯೋ ಎಲುಬಿನ್ಯಾಗ ರಕ್ತ ಎಲ್ಲಿರತೈತ್ರಿ, ಡಾಕ್ಟರಬಾಯಿ?”

“ಅದು ಸತ್ತದ್ದು, ಕಾಕಾ. ನಿಮ್ಮದು ಇನ್ನಾ ಜೀವಂತ ಐತಿ.”

ಎಲುಬಿಗೆ ಒಂದು ಸಣ್ಣ ತೂತು ಕೊರೆದರೆ ಒಳಗಿನ ಒತ್ತಡ ಇಳಿದು, ಅದೇ ದಾರಿಯಲ್ಲಿ ಹೊಸ ರಕ್ತನಾಳ ಬೆಳೆದಾವು ಎಂದಳು. ತಡವಾದರೆ ಎಲುಬಿನ ತಲೆ ಕುಸಿಯುತ್ತದೆ, ಆಮೇಲೆ ನಡಿಗೆಯ ಮಾತೇ ಇಲ್ಲ. ಜಟ್ಟೆಪ್ಪನದೋ, ಕಾಲುವೆಯ ದಂಡೆ ತುಳಿದು ಕಬ್ಬಿನ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡುವ ಕೆಲಸ. ನಡೆಯಲಾರದವನಿಗೆ ಆ ಕೆಲಸ ಉಳಿಯದು. ಆದರೆ ತೂತು? ದಂಡೆಯಲ್ಲಿ ಏಡಿ ಕೊರೆದ ತೂತು ಮುಚ್ಚುವುದರಲ್ಲೇ ಅವನ ಆಯುಷ್ಯ ಸವೆದಿತ್ತು. ತೂತಿನಿಂದ ನೀರು ಹೋಗುವುದನ್ನು ಕಂಡಿದ್ದ, ಬರುವುದನ್ನಲ್ಲ. ವಿಚಾರ ಮಾಡಿ ಬರುತ್ತೇನೆಂದು ಎದ್ದವನು ಲಿಫ್ಟಿಗೆ ಹೆದರಿ ಮೆಟ್ಟಿಲಲ್ಲೇ ಕುಂಟುತ್ತ ಇಳಿದ.

ಮನೆಗೆ ಬಂದು ತನ್ನ ವಿದ್ಯೆ ತೋರಿಸಿದ. ಮೇಲಿನ ಹೊಲಕ್ಕೆ ನೀರು ಏರದಿದ್ದರೆ ಕೆಳಗೆ ಒಡ್ಡು ಹಾಕಬೇಕಲ್ಲ? ತಲೆಯ ಪಟಕಾ ಬಿಚ್ಚಿ ಮೊಣಕಾಲ ಕೆಳಗೆ ಬಿಗಿದು ಮಲಗಿದ. ಊಟದ ಹೊತ್ತಿಗೆ ಪಾದ ಎಷ್ಟು ಊದಿತೆಂದರೆ, ನೆರೆಮನೆಯ ಎಮ್ಮೆ ಕುಂಬಳಕಾಯಿ ಎಂದುಕೊಂಡು ಮೂಸಿ ಹೋಯಿತು. ಹೆಂಡತಿ ಸೀತವ್ವ ಕುಡಗೋಲು ತಂದು ಕಟ್ಟು ಕೊಯ್ದಳು.

“ಕೆಳಗಿನವರ ನೀರು ಕಟ್ಟಿದ್ರ ಅವರು ಸುಮ್ಮ ಕುಂದರತಾರೇನ್ರಿ? ನೋಡ್ರಿ, ಪಾದ ಮೋರ್ಚಾ ತಂದೈತಿ.”

“ಸೊಂಟಕ್ಕ ಏನರ ಏರೇತೇನ ನೋಡ.”

“ಏನೂ ಏರಿಲ್ಲ. ವಿಶ್ರಾಮಬಾಗದಾಗ ಹೊಸ ಮನಿಗೋಳಿಗೆಲ್ಲ ಬೋರ್ ಹೊಡ್ಯಾಕತ್ತಾರ. ಅಲ್ಲಿ ತೂತಿನ್ಯಾಗಿಂದನ ನೀರು ಬರವಲ್ದೇನು? ಏಳ್ರಿ.”

ತನ್ನೊಳಗಿರುವುದು ಕಾಲುವೆಯೋ ಬೋರೋ ಎಂಬುದೇ ಜಟ್ಟೆಪ್ಪನಿಗೆ ತಿಳಿಯದಾಯಿತು. ಆ ಗೊಂದಲದಲ್ಲೇ ಹೋಗಿ ಎಲುಬು ಕೊರೆಸಿಕೊಂಡ.

ಊರುಗೋಲು ಕೊಟ್ಟು ಕಳಿಸುವಾಗ ಸೋನಲ, ಕಾಲಿನ ಮೇಲೆ ಭಾರ ಹಾಕಬೇಡಿ, ನಾಳ ಬೆಳೆಯಲು ತಿಂಗಳುಗಳೇ ಬೇಕು, ಬೆಳೆದೇ ಬೆಳೆಯುತ್ತವೆಂದು ಆಣೆ ಮಾಡಲಾರೆ ಎಂದಳು. ದಂಡೆಯ ಮೇಲೆ ಅವನ ಬದಲಿಗೆ ಸತ್ಯಪ್ಪನೆಂಬವನು ನಡೆಯತೊಡಗಿದ. ಬಾಗಿಲ ಮುಂದೆ ಹಾಯುವಾಗ ಅವನು ಜಟ್ಟೆಪ್ಪನ ಕಡೆ ನೋಡುತ್ತಿರಲಿಲ್ಲ.

ಒಂದು ಸಂಜೆ ಹೊಳೆಯಿಂದ ನೀರೆತ್ತುವ ಪಂಪು ಶುರುವಾಗಿ ಮನೆಯ ಹಿಂದಿನ ಕಾಲುವೆಗೆ ನೀರು ಬಂತು. ಹೊರಸಿನ ಮೇಲಿದ್ದ ಜಟ್ಟೆಪ್ಪ ಸೀತವ್ವನನ್ನು ಕೂಗಿ, ಸೊಂಟಕ್ಕೆ ಕಿವಿ ಇಡು ಎಂದ. ಅವಳು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿದಳು.

“ಗುಳುಗುಳು ಅನ್ನಾಕತ್ತೈತಿ.”

“ಕಾಲುವಿದೋ, ನಂದೋ?”

ಅವಳು ಕಾಲುವೆಯ ಕಡೆಗಿದ್ದ ಇನ್ನೊಂದು ಕಿವಿಯನ್ನು ಹಿಟ್ಟಿನ ಕೈಯಿಂದ ಮುಚ್ಚಿಕೊಂಡಳು. ತಲೆ ಎತ್ತದೆ ಕೇಳುತ್ತಲೇ ಇದ್ದಳು.

ಸುಳ್ಳು ಅನ್ನುವವರು ಒಂಟಿಗಾಲಲ್ಲಿ ನಿಂತು ಅನ್ನಲಿ. ಕತೆ ಹೇಳಿದವನಿಗೆ ಚಹಾ ಬಂದು, ಅವನು ಕುಡಿದು ಮುಗಿಸುವ ತನಕ ಇನ್ನೊಂದು ಕಾಲು ಊರುವಂತಿಲ್ಲ.