ಸೊಟ್ಟ ಗುಂಡುಗಳ ಡಬ್ಬಿ

ಚಿಕ್ಕಮ್ಮನ ಬಲಗೈಗೆ ತೋರುಬೆರಳಿಲ್ಲ, ನನಗಿದೆ, ಇಗೋ ಟ್ರಿಗರಿನ ಪಕ್ಕದಲ್ಲಿ ಬೆವರುತ್ತ ಕೂತಿದೆ, ಹತ್ತು ಮೀಟರ್ ಆಚೆ ಕಪ್ಪು ವೃತ್ತ, ಪಕ್ಕದ ಪರದೆಯಲ್ಲಿ ಮೊದಲ ಗುಂಡು ಎಂಟು ಪಾಯಿಂಟ್ ಮೂರು, ಎರಡನೆಯದು ಒಂಬತ್ತು ಪಾಯಿಂಟ್ ಒಂದು, ಅದು ಎಡಕ್ಕೆ, ಇದು ಮೇಲಕ್ಕೆ, ಕೈ ತಪ್ಪಿಲ್ಲ, ಉಸಿರು ತಪ್ಪಿಲ್ಲ, ತಪ್ಪಿದ್ದು ನಿನ್ನೆ ಮಧ್ಯಾಹ್ನ — ಅಡುಗೆಮನೆಯ ಮೇಜಿನ ಮೇಲೆ ರೈಫಲ್ ಮಲಗಿಸಿ, ಎಣ್ಣೆ ಹಚ್ಚಿದ ಫೆಲ್ಟ್ ಬಟ್ಟೆಯ ಬಿಲ್ಲೆಯನ್ನು ದಾರಕ್ಕೆ ಸಿಕ್ಕಿಸಿ ನಳಿಗೆಯೊಳಗಿಂದ ಎಳೆದೆ, ಕಪ್ಪಗೆ ಬಂತು, ಇನ್ನೊಂದು ಎಳೆದೆ, ಬೂದಿ ಬಣ್ಣ, ಇನ್ನೊಂದು, ಮತ್ತೊಂದು, ಒಂಬತ್ತನೆಯದು ಹಾಲಿನಷ್ಟು ಬಿಳಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೆರೆಗಳು ಫಳಫಳ, ಎಷ್ಟು ಹಿತವಾಯಿತು ಆಗ, ಪರೀಕ್ಷೆಯ ಹಿಂದಿನ ದಿನ ಓದುವುದು ಬಿಟ್ಟು ಕಪಾಟು ಜೋಡಿಸುತ್ತಾರಲ್ಲ, ಆ ಹಿತ. ಗೊತ್ತಿರಲಿಲ್ಲವೇ, ಗೊತ್ತಿತ್ತು, ಆರು ವರ್ಷದಿಂದ ಚಿಕ್ಕಮ್ಮನ ಬಾಯಲ್ಲಿ ಕೇಳುತ್ತಲೇ ಇದ್ದೇನೆ, ಪಂದ್ಯ ಹತ್ರ ಬಂದಾಗ ನಳಿಗೆಗೆ ಕೈ ಹಚ್ಚಬೇಡ ಕಣೇ, ತೊಳೆದ ನಳಿಗೆ ಹೊಸ ಚಪ್ಪಲಿ ಇದ್ದಂಗೆ, ಮೂವತ್ತು ನಲವತ್ತು ಹೆಜ್ಜೆ ಕಚ್ಚುತ್ತೆ, ಗುಂಡಿನ ಸೀಸ ಒಳಗೆ ತೆಳ್ಳಗೆ ಹತ್ತಿದ ಮೇಲೇನೇ ಅದು ನೆಟ್ಟಗೆ ನಡೆಯೋದು — ಗೊತ್ತಿದ್ದೂ ಎಳೆದೆ, ಕೈ ಸುಮ್ಮನಿರಲಿಲ್ಲ, ಅಷ್ಟೇ. ತಂಡಕ್ಕೆ ಆರಿಸುವುದು ಎಂಟು ಜನರನ್ನು, ಹೋದ ವರ್ಷ ನಾನು ಒಂಬತ್ತನೆಯವಳು, ವಯಸ್ಸಿನ ಮಿತಿ ದಾಟುವ ಮುಂಚೆ ಇದೇ ಕೊನೆಯ ವರ್ಷ, ಗುರಿ ಹೊಂದಿಸಿಕೊಳ್ಳಲು ಹದಿನೈದು ನಿಮಿಷ ಕೊಟ್ಟಿದ್ದಾರೆ, ಎರಡು ಆಗಲೇ ಹೋಯಿತು, ಡಬ್ಬಿಯಲ್ಲಿ ಎಪ್ಪತ್ತೆರಡು ಗುಂಡಿತ್ತು, ಈಗ ಎಪ್ಪತ್ತು, ಪಂದ್ಯಕ್ಕೇ ಅರವತ್ತು ಬೇಕು. ಉಳಿದ ಹತ್ತರಲ್ಲಿ ಈ ನಳಿಗೆ ಪಳಗುವುದಿಲ್ಲ.

ಇಂಥ ಡಬ್ಬಿ ಇನ್ನೊಂದಿಲ್ಲ, ಅಂಗಡಿಯವನು ಕೈ ಅಲ್ಲಾಡಿಸಿಬಿಟ್ಟ, ಆ ಬ್ಯಾಚ್ ಮುಗೀತಮ್ಮ, ಹೊಸದು ತಗೊಳ್ಳಿ, ಎಲ್ಲಾ ಒಂದೇ — ಎಲ್ಲಾ ಒಂದೇ ಅಲ್ಲ, ಚಿಕ್ಕಮ್ಮ ರೈಫಲನ್ನು ಬೆಂಚಿಗೆ ಬಿಗಿದು ಏಳು ಬ್ಯಾಚಿನ ಏಳು ಡಬ್ಬಿ ತೆರೆದು ಒಂದೊಂದರಿಂದ ಐದೈದು ಹೊಡೆಸಿದ್ದಳು, ಆರರದು ಚೆಲ್ಲಾಪಿಲ್ಲಿ, ಒಂದರ ಐದು ಗುಂಡೂ ಒಂದೇ ತೂತು, ಕಡಲೆಕಾಳು ತೂರದಷ್ಟು ಸಣ್ಣದು, ಹಾಂ, ಇದಕ್ಕೆ ಇದರ ರುಚಿ ಸಿಕ್ತು, ಇನ್ನು ಬೇರೆ ಹಾಕಬೇಡ, ಮನುಷ್ಯರಿಗಾದ್ರೆ ಹೊಂದ್ಕೊಂಡು ಹೋಗು ಅನ್ನಬಹುದು, ನಳಿಗೆಗೆ ಹೇಳಕ್ಕಾಗಲ್ಲ. ರೈಫಲ್ ಅವಳದೇ, ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ಒತ್ತುವ ಯಂತ್ರ ಬೆರಳು ತೆಗೆದುಕೊಂಡ ಮೇಲೆ ಒಂದು ವರ್ಷ ನಡುಬೆರಳಲ್ಲಿ ಹೊಡೆದು ನೋಡಿದಳು, ಆಗಲಿಲ್ಲ, ತಗೋ ನೀನೇ ಇಟ್ಕೋ ಎಂದು ಛತ್ರಿ ಕೊಡುವ ಹಾಗೆ ಕೊಟ್ಟಳು, ರೇಂಜಿನ ಹುಡುಗರು ಅವಳನ್ನು ಒಂಬತ್ತಮ್ಮ ಎಂದರೆ ಅವಳೇ ಮೊದಲು ನಗುತ್ತಾಳೆ, ನನಗೆ ಒಂಬತ್ತು ಸಾಕು ಕಣ್ರೋ, ಹತ್ತು ಇವಳು ಹೊಡೀತಾಳೆ. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು, ಈಗ ಬಾಗಿಲು ಗೋಡೆ ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ, ಆದರೂ ಗುಂಡು ಆರಿಸುವ ಕೆಲಸ ಬಿಡಲಿಲ್ಲ, ಹಳೇ ಫೋಟೋದ ಗಾಜನ್ನು ಒಂದು ಕಡೆ ತುಸು ಎತ್ತಿಟ್ಟು ಒಂದೊಂದೇ ಗುಂಡು ಉರುಳಿಸುತ್ತಾಳೆ, ಗುಂಡಿನ ಒಂದು ತುದಿ ಅಗಲವಲ್ಲ, ನೆಟ್ಟಗಿನದು ಸದ್ದೇ ಇಲ್ಲದೆ ಕಮಾನಿನಂತೆ ಬಾಗಿ ಅದೇ ಮೂಲೆಗೆ ಹೋಗುತ್ತದೆ, ಅಂಚು ಜಜ್ಜಿದ್ದು ಟಿರ್ರ್ ಎಂದು ನಡುಗಿ ಅಡ್ಡದಾರಿ ಹಿಡಿಯುತ್ತದೆ, ಅದು ಗಾಜಿನಿಂದ ಬೀಳುವ ಮೊದಲೇ ಬುಡ ಮಾತ್ರ ಉಳಿದ ಆ ಮೊಂಡು ಬೆರಳು ಅಡ್ಡ ಬಂದು ತಡೆದಿರುತ್ತದೆ, ಹೇಗೆ ತಿಳಿಯುತ್ತದೋ.

ಇನ್ನು ಹದಿಮೂರು ನಿಮಿಷ. ಬೆವರು ಒರೆಸಲು ಬ್ಯಾಗಿಗೆ ಕೈ ಹಾಕಿದರೆ ಟವೆಲ್, ಟವೆಲ್ಲಿನೊಳಗೆ ಗಟ್ಟಿಯಾದದ್ದೇನೋ, ಡಬ್ಬಿ, ಡಬ್ಬಿಗೆ ಸುತ್ತಿದ ರಬ್ಬರ್ ಬ್ಯಾಂಡ್ — ನಮ್ಮ ಮನೆಯಲ್ಲಿ ರಬ್ಬರ್ ಬ್ಯಾಂಡ್ ಇದ್ದರೆ ಸೊಟ್ಟ ಗುಂಡುಗಳ ಡಬ್ಬಿ, ಅವಳ ಕೈಗೆ ಗುರುತಾಗಲೆಂದು, ಅದೇ ಬ್ಯಾಚಿನಿಂದ ಆರಿಸಿ ಬದಿಗಿಟ್ಟವು, ಬಿಸಾಕ್ಲಾ ಎಂದರೆ ಇರಲಿ ಬಿಡೇ, ಸೊಟ್ಟಗಿರೋದಕ್ಕೂ ಒಂದು ಕೆಲಸ ಇರುತ್ತೆ, ನನ್ನ ನೋಡು. ಇದನ್ನು ನಾನು ಇಟ್ಟಿಲ್ಲ. ಬೆಳಿಗ್ಗೆ ಮೆಟ್ಟಿಲು ಇಳಿಯಲು ನನ್ನ ಕೈ ಹಿಡಿದವಳು ಒಂದು ಕ್ಷಣ ನಿಂತಳು, ಮೂಗು ಅರಳಿತೇ, ಎಣ್ಣೆ ವಾಸನೆ, ಎರಡು ಸಲ ಸೋಪು ಹಚ್ಚಿ ತೊಳೆದಿದ್ದೆ, ಆದರೂ, ತಡಿಯೇ, ನಿನ್ನ ಟವೆಲ್ ಮರೆತೆ ಎಂದು ಗೋಡೆ ಸವರುತ್ತ ಒಳಗೆ ಹೋದಳು, ಬರಲು ಎಷ್ಟು ಹೊತ್ತು, ಚಿಕ್ಕಮ್ಮಾ ಬಸ್ ಹೋಗುತ್ತೆ, ನಿನ್ನ ಟವೆಲ್ ಮನೆ ಹಾಳಾಗ ಎಂದು ನಾನು ಕಿರುಚಿದೆ, ಅವಳು ಬಸ್ಸಿನಲ್ಲಿ ಕಿಟಕಿ ಸ್ವಲ್ಪ ಹಾಕು, ಗಾಳಿ ಅಂದಳು, ಅಷ್ಟೇ. ಬೈದಿದ್ದರೆ ನನ್ನ ಕೈ ಈ ಹೊತ್ತಿಗೆ ನಡುಗುತ್ತಿತ್ತು, ಅದೂ ಅವಳಿಗೆ ಗೊತ್ತು.

ಹೊಡಿ, ಗುರಿ ಬೇಡ, ಅಂಕ ಬೇಡ, ಸೀಸ ಹತ್ತಿದರೆ ಸಾಕು, ತುಂಬು, ಹೊಡಿ, ಏಳು, ಒಂಬತ್ತು, ಎಂಟು, ಮತ್ತೆ ಏಳು, ಪಕ್ಕದ ಲೇನಿನವಳು ಕಣ್ಣಿನ ಪಟ್ಟಿ ಎತ್ತಿ ನೋಡಿ ಏನೇ, ಗದ್ದೆ ಹಕ್ಕಿ ಓಡಿಸ್ತಿದ್ದೀಯಾ, ಹೂಂ ಕಣೇ, ನಿನ್ನ ಕಡೆ ಬಂದ್ರೆ ಹೇಳು, ತುಂಬು, ಹೊಡಿ, ಹಿಂದೆ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಡಿಲ ಮೇಲೆ ಕೈಯಿಟ್ಟು ಚಿಕ್ಕಮ್ಮ ಟಪ್ ಟಪ್ ಎಣಿಸುತ್ತಿರಬೇಕು, ಡಬ್ಬಿ ಖಾಲಿ, ಇನ್ನು ಎರಡು ನಿಮಿಷ, ಈಗ ನೆಟ್ಟಗಿನದೊಂದು, ಉಸಿರು, ಹತ್ತು ಪಾಯಿಂಟ್ ನಾಲ್ಕು, ಇನ್ನೊಂದು, ಹತ್ತು ಪಾಯಿಂಟ್ ಐದು, ಒಂದರ ಮೇಲೊಂದು, ಒಂದೇ ತೂತು. ತಿರುಗಿ ನೋಡಬಾರದು, ನೋಡಿದರೂ ಅವಳಿಗೆ ಕಾಣದು, ಸಂಜೆ ಏನು ಹೇಳಲಿ, ಥ್ಯಾಂಕ್ಸ್ ಎಂಬ ಪದ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಅಂದರೆ ಹಣೆ ಮುಟ್ಟಿ ಏನೇ ಜ್ವರಾನಾ ಅನ್ನುತ್ತಾಳೆ, ಮೆಟ್ಟಿಲ ಹತ್ತಿರ ಅವಳು ಕೇಳುವ ಮೊದಲೇ ಕೈ ಕೊಡುತ್ತೇನೆ, ಎಂಟರೊಳಗೆ ಬಂದರೂ, ಮತ್ತೆ ಒಂಬತ್ತನೆಯವಳೇ ಆದರೂ, ಇನ್ನು ತಪ್ಪಿದರೆ ನನ್ನ ಕೈ ತಪ್ಪಬೇಕು, ನಳಿಗೆ ತಪ್ಪುವುದಿಲ್ಲ, ಸ್ಪೀಕರಿನಲ್ಲಿ ಪಂದ್ಯ ಶುರು ಅಂದರು, ಕೆನ್ನೆಗೆ ಮರದ ತಣ್ಣಗಿನ ಅಂಚು, ಕಪ್ಪು ವೃತ್ತ, ಕಪ್ಪು ವೃತ್ತದೊಳಗೆ ಗಾಜು, ಗಾಜಿನ ಮೇಲೆ ಟಿರ್ರ್ ಎಂದು ಉರುಳುವ ಒಂದು ಗುಂಡು, ಅಡ್ಡ ಬರುವ ಮೊಂಡು ಬೆರಳು —

ಮೊಂಡು ಬೆರಳು.

ಪಂದ್ಯಕ್ಕೆ ಮೊದಲು ಹೋದದ್ದು ಸೊಟ್ಟ ಗುಂಡು ಮೂವತ್ತೆಂಟು, ನೆಟ್ಟಗಿನವು ನಾಲ್ಕು.