ಕಮಾನು ಮಾಡಿನ ಹೊಲಿಗೆ ಕೋಣೆ

ಕಾಪುವಿನ ಸಫಿಯಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮದುವೆಯ ಉಡುಪು ಹೊಲಿಯುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಕಡಲಗಾಳಿ ಅದರ ಚಾವಣಿಯ ಶೀಟುಗಳನ್ನು ಕಿತ್ತು ಪಕ್ಕದ ಬರ್ತಾಬಾಯಿಯ ಮಲ್ಲಿಗೆ ತೋಟಕ್ಕೆ ಎಸೆದಿತ್ತು. ಅಂದಿನಿಂದ ಮಾಡಿನ ಜಾಗದಲ್ಲಿ ಟಾರ್ಪಾಲು.

ಅವಳ ಗಂಡ ಶುಕೂರ್ ಸೌದಿಯ ದಮಾಮಿನ ಬಟ್ಟೆ ಅಂಗಡಿಯಲ್ಲಿದ್ದ. 2003ರ ಬೇಸಿಗೆಯಲ್ಲಿ ರಜೆಗೆ ಬಂದವನೇ, "ಟೆರೇಸ್ ಹಾಕಿಸಿಬಿಡುವ" ಎಂದ.

"ಬೇಡ. ಎಪ್ರಿಲ್‌ನಲ್ಲಿ ಕಾದ ಕಾಂಕ್ರೀಟಿನ ಅಡಿಯಲ್ಲಿ ಕೂತು ಹೊಲಿಯುವುದು ಯಾರು? ನನಗೆ ಕಮಾನಿನ ಮಾಡು ಬೇಕು. ನಡುವೆ ಎತ್ತರ ಸಿಗ್ತದೆ, ಉದ್ದದ ಗೌನು ನೆಲಕ್ಕೆ ತಾಗದ ಹಾಗೆ ತೂಗುಹಾಕಬಹುದು. ಗಾಳಿಯೂ ಜಾರಿ ಹೋಗ್ತದೆ."

"ಎಂತ ಮಾರಾಯ್ತಿ, ಮನೆಯ ಹಿಂದೆ ದೋಣಿ ಕವುಚಿ ಹಾಕುವುದಾ?"

ಸಫಿಯಮ್ಮ ವಾದಕ್ಕೆ ನಿಲ್ಲಲಿಲ್ಲ. ಹಳೆಯ ಪೇಪರುಗಳನ್ನು ಮೈದಾ ಅಂಟಿನಿಂದ ಜೋಡಿಸಿ ಶೆಡ್ಡಿನಷ್ಟೇ ಅಗಲದ ಹಾಳೆ ಮಾಡಿದಳು. ಅದನ್ನು ನಡುವೆ ಮಡಚಿ, ರವಿಕೆಯ ತೋಳಿನ ಮೇಲ್ಭಾಗ ಕತ್ತರಿಸುವಂತೆ ಒಂದೇ ಸಮನೆ ಕತ್ತರಿ ಓಡಿಸಿದಳು. ಬಿಡಿಸಿದಾಗ ಎರಡೂ ಬದಿ ಸಮನಾದ ಕಮಾನು ಜಗಲಿಯ ತುಂಬ ಹರಡಿತು. ಶುಕೂರ್ ಅದರ ಸುತ್ತ ಒಂದು ಸುತ್ತು ಬಂದ.

"ಚಂದ ಉಂಟಲ್ವಾ?" ಎಂದ, ತನಗೇ ಹೇಳಿಕೊಂಡಂತೆ.

ಮರುದಿನ ಇಬ್ಬರೂ ಆ ಹಾಳೆಯನ್ನು ಸುತ್ತಿಕೊಂಡು ರಿಕ್ಷಾದಲ್ಲಿ ಕಟಪಾಡಿಗೆ, ಲಿಗೋರಿಯ ವೆಲ್ಡಿಂಗ್ ಅಂಗಡಿಗೆ ಹೋದರು. ಲಿಗೋರಿ ಅದನ್ನು ನೆಲಕ್ಕೆ ಹಾಸಿ, ಅಂಚಿನುದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದ. "ಗೇಟಿಗೆ, ಕಿಟಕಿಗೆ ಎಷ್ಟೋ ಡಿಸೈನ್ ಮಾಡಿದ್ದೇನೆ. ಮಾಡಿಗೆ ಹೊಲಿಗೆಯ ಅಳತೆ ಇದೇ ಮೊದಲು," ಎಂದು ನಕ್ಕ.

ಕಮಾನಿಗೆಂದು ತೆಗೆದ ಮೊದಲ ಕಬ್ಬಿಣದ ಪೈಪು ಕೆಟ್ಟಿತು. ಅವಸರದಲ್ಲಿ ಬಗ್ಗಿಸಿದ್ದಕ್ಕೆ ನಡುವೆ ಮೊಣಕಾಲಿನಂತೆ ಮಡಚಿಕೊಂಡಿತು. ಸಫಿಯಮ್ಮನ ಮುಖ ಸಣ್ಣಗಾಯಿತು. ಆದರೆ ಶುಕೂರ್ ಆಗಲೇ ಅಂಗಿಯ ತೋಳು ಮಡಚಿದ್ದ. "ಇನ್ನೊಂದು ತೆಗೀರಿ ಲಿಗೋರಿಯವರೇ, ನಾನೂ ಹಿಡೀತೇನೆ."

ಈ ಸಲ ಮಡಚಿಕೊಳ್ಳದಂತೆ ಪೈಪಿನೊಳಗೆ ಮರಳು ಒತ್ತಿ ತುಂಬಿ, ಎರಡೂ ಬಾಯಿ ಮುಚ್ಚಿ, ಸ್ವಲ್ಪಸ್ವಲ್ಪವೇ ಬಗ್ಗಿಸಿದರು. ಪೈಪು ಸೀಮೆಸುಣ್ಣದ ಗೆರೆಯ ಮೇಲೆ ಸರಿಯಾಗಿ ಕೂತಿತು. ವರ್ಷಗಟ್ಟಲೆ ಬಟ್ಟೆಯ ಥಾನು ಬಿಚ್ಚಿ ಮಡಚಿದ್ದ ಶುಕೂರ್ ತನ್ನ ಮಸಿ ಹಿಡಿದ ಅಂಗೈಗಳನ್ನು ಹುಡುಗನಂತೆ ಹೆಂಡತಿಗೆ ತೋರಿಸಿದ. ಆಮೇಲೆ ಅವನು ಕಟಪಾಡಿಗೆ ಹೋಗದ ದಿನವಿಲ್ಲ. ಕಮಾನಿನ ತುದಿ ಗೋಡೆಯಿಂದ ಆಚೆ ಬರಬೇಕು, ಎರಡು ಬದಿಗೂ ನೀರು ದೂರ ಬೀಳಬೇಕು, ಎದುರು ಕಮಾನಿನಡಿ ಉಳಿಯುವ ಅರ್ಧಚಂದ್ರಕ್ಕೆ ಗಾಜು ಹಾಕಿದರೆ ಬೆಳಕು ಬರುತ್ತದೆ ಎಂದು ದಿನಕ್ಕೊಂದು ಸಲಹೆ ತರುತ್ತಿದ್ದ. ಟೆರೇಸಿನ ಮಾತು ಮತ್ತೆ ಎತ್ತಲಿಲ್ಲ.

ಕಮಾನುಗಳು ಗೋಡೆಯ ಮೇಲೆ ನಿಂತವು. ಅವುಗಳ ಬೆನ್ನಿಗೆ ತೆಳು ತಗಡು ಬಾಗಿ ಕೂತಿತು. ಬರ್ತಾಬಾಯಿ ಕಂಪೌಂಡಿನ ಪಾಗಾರದಾಚೆಯಿಂದ ಕತ್ತು ಚಾಚಿ, "ಈ ಸಲ ನನ್ನ ಮಲ್ಲಿಗೆ ಬದುಕಿತು!" ಎಂದರು.

ಜೂನ್ ಮೊದಲ ವಾರ ಎಲ್ಲೂರಿನ ಜುಮಾನಾ ಮದುವೆಯ ಗೌನು ಹಾಕಿ ನೋಡಲು ಬಂದಿದ್ದಾಗ ಗಾಳಿ ಎದ್ದಿತು. ತೆಂಗಿನ ಮರಗಳು ಬಾಗಿದವು. ಸಫಿಯಮ್ಮ ಉಸಿರು ಬಿಗಿಹಿಡಿದು ಮೇಲೆ ನೋಡಿದಳು. ಮಾಡು ಮಿಸುಕಲಿಲ್ಲ. ಹಿಂದೆಯೇ ಮಳೆ ಸುರಿದು, ತಗಡಿನ ಮೇಲೆ ನೂರು ಚೆಂಡೆ ಒಟ್ಟಿಗೆ ಬಾರಿಸಿದ ಹಾಗಾಯಿತು.

"ಸೊಂಟ ಸರಿ ಉಂಟಾ?" ಸಫಿಯಮ್ಮ ಕೂಗಿದಳು.

"ಎಂತ? ಕೇಳುವುದಿಲ್ಲ!" ಜುಮಾನಾ ಕೂಗಿದಳು.

ಬಾಗಿಲಲ್ಲಿ ನೆನೆದು ನಿಂತ ಶುಕೂರ್ ಕೂಡ ಏನೋ ಕೂಗಿದ. ಅದೂ ಯಾರಿಗೂ ಕೇಳಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಜುಮಾನಾ ಗೌನಿನ ನೆರಿಗೆ ಅಗಲಿಸಿ ಕೋಣೆಯ ನಡುವೆ ಗಿರ್ರನೆ ತಿರುಗಿದಳು.