ಎರಡು ಗಂಟೆಗೆ ಮುಂಚೆ ಬಂದವಳು

ಗಾರ್ಗಿಯ ಬಾಯಿಂದ ಮೊಸರನ್ನದ ಅಗುಳೊಂದು ನೆಲಕ್ಕೆ ಬಿತ್ತು, ಎಂಟು ವರ್ಷದ ಹುಡುಗಿ, ಇನ್ನೂ ಅಜ್ಜಿ ತಟ್ಟೆ ಹಿಡಿದು ಹಿಂದೆ ಹಿಂದೆ ಓಡಬೇಕು, ಪಾತ್ರೆ ಉಜ್ಜುತ್ತಿದ್ದ ಸುಮಿತ್ರಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ — ನಿನ್ನ ಮಗಳನ್ನ ನೋಡಿ ಕಲೀಬೇಕು ಕಣಮ್ಮ ಇವಳು, ಅಜ್ಜಿ ಭಾನುಮತಿಯವರು ಹೇಳುತ್ತಿದ್ದಾರೆ, ಆರು ವರ್ಷಕ್ಕೇ ಒಬ್ಬಳೇ ಮನೇಲಿರ್ತಾಳಲ್ಲ, ಅದ್ಹೇಗೆ ಕಲಿಸಿದೆ. ಹೇಗೆ ಅಂದರೆ ಹೀಗೆ, ಬೇಸಿಗೆ ರಜ, ನೋಡಿಕೊಳ್ಳುವವರಿಲ್ಲ, ಒಳಗಿಂದ ಚಿಲಕ ಹಾಕ್ಕೋ ವಾಣಿ, ಯಾರಾದ್ರೂ ಬಾಗ್ಲು ಬಡುದ್ರೆ ಅವ್ವ ನೀರು ಹುಯ್ಕೊತಾವ್ಳೆ ಅನ್ನು, ಚೊಂಬಲ್ಲಿ ನೀರೂ ಸುರಿ, ಆಚೆಗೆ ಕೇಳ್ಸೋ ಹಂಗೆ, ಎರಡು ಗಂಟೆಗೆ ಮುಂಚೆ ನಾನು ಬರಕಿಲ್ಲ, ಅವ್ವ ಅಂದ್ಕೊಂಡು ಬಂದ್ರೂ ಅದು ನಾನಲ್ಲ, ತಿಳೀತಾ — ತಲೆ ಆಡಿಸಿತ್ತು ಮಗು, ಕಣ್ಣು ಗೋಡೆ ಗಡಿಯಾರದ ಮೇಲೆ, ನಿನ್ನೆ ಈ ಮನೆಯವರು ಬೆಟ್ಟದ ದೇವರಿಗೆ ಹೋಗಿಬರಲು ಹೊರಟರು, ಕೆಲಸ ಹನ್ನೊಂದಕ್ಕೇ ಮುಗಿದುಹೋಯಿತು, ಮಾರ್ಕೆಟ್ಟಿನಲ್ಲಿ ಎರಡು ಮಾವಿನಹಣ್ಣು ಕೊಂಡು ಓಡೋಡಿ ಮನೆಗೆ ಹೋಗಿ ಬಾಗಿಲು ಬಡಿದಳು, ತಾನು ಹೇಳಿಕೊಟ್ಟದ್ದು ತನಗೇ ನೆನಪಿಲ್ಲ, ಒಳಗಿಂದ ಮಗಳ ದನಿ, ಅವ್ವ ನೀರು ಹುಯ್ಕೊತಾವ್ಳೆ, ಆಮ್ಯಾಕೆ ಬನ್ನಿ. ನಾನೇ ಕಣೆ, ನಿಮ್ಮವ್ವ. ಚೊಂಬು ಸುರಿದ ಸದ್ದು. ತೆಗಿಯೇ ವಾಣಿ, ಹಣ್ಣು ತಂದಿವ್ನಿ. ಇನ್ನೊಂದು ಚೊಂಬು, ಬೇಗ ಬೇಗ, ಆಮೇಲೆ ಕೆಮ್ಮು, ಮಗಳ ಗಂಟಲಿಂದ ಸುಮಿತ್ರಮ್ಮನದೇ ಒಣಕೆಮ್ಮು, ಅವಳದೇ ದನಿ, ಯಾರೇ ಅದು, ಇರು ಬಂದೆ — ಸುಮಿತ್ರಮ್ಮ ಒಳಗೆ ಸ್ನಾನಕ್ಕೆ ನಿಂತಿದ್ದಾಳೆ, ಹಾಗಾದರೆ ಹೊರಗಿರುವ ಇವಳು ಯಾರು, ಮೆಟ್ಟಿಲ ಮೇಲೆ ಕೂತಳು, ಎರಡಾಗುವ ತನಕ ಕೂತೇ ಇದ್ದಳು, ಎರಡಕ್ಕೆ ಚಿಲಕ ಸರಿಯಿತು, ಒದ್ದೆ ಲಂಗ, ಬಿಳಿಚಿಕೊಂಡ ತುಟಿ, ಯಾರೋ ಬಂದಿದ್ರು ಕಣವ್ವ, ನಿನ್ನಂಗೇ ಮಾತಾಡ್ತಿದ್ರು, ನಾನು ತೆಗೀನೇ ಇಲ್ಲ. ಹೊಗಳಿಕೆಗೆ ಕಾಯುವ ಕಣ್ಣು, ಜಾಣೆ ಅಂದಳು, ಅದು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ, ಹೇಳಿಬಿಟ್ಟರೆ ನಾಳೆ ಮಗು ಇನ್ಯಾರ ದನಿಗೆ ಬಾಗಿಲು ತೆಗೆಯುತ್ತದೋ, ಹೇಳದೆ ಹೋದರೆ — ಸುಮಿತ್ರಾ, ಇವತ್ತೂ ಬೇಗ ಮುಗೀತಲ್ಲ, ಹೊರಡಮ್ಮ, ಮಗು ಕಾಯ್ತಿರುತ್ತೆ, ಅನ್ನುತ್ತಾರೆ ಭಾನುಮತಿಯವರು. ಇರ್ಲಿ ಬುಡಿ ಅಮ್ಮಾವ್ರೆ, ತಳ ಹಿಡಿದದೆ, ಅನ್ನುತ್ತಾಳೆ, ಬೆಳಗಿಟ್ಟ ಪಾತ್ರೆಯನ್ನೇ ಮತ್ತೆ ಉಜ್ಜುತ್ತಾಳೆ, ಎರಡಕ್ಕೆ ಇನ್ನೂ ಹೊತ್ತಿದೆ, ಈಗ ಹೋದರೆ ಹೋದವಳು ಅವ್ವ ಅಲ್ಲ, ಅವ್ವ ಮನೆಯಲ್ಲೇ ಇದ್ದಾಳೆ, ನೀರು ಹುಯ್ದುಕೊಳ್ಳುತ್ತಿದ್ದಾಳೆ, ಬಚ್ಚಲಿನ ಬರಿಯ ಕಲ್ಲಿನ ಮೇಲೆ ಒಂದು ಚೊಂಬು, ಇನ್ನೊಂದು ಚೊಂಬು, ಇನ್ನೊಂದು